ಜರ್ಮೇನಿಯಂ ಬೇಸಿಗೆ

೧೩ ಫೆಬ್ರುವರಿ ೧೯೭೯, ರಾಯಚೂರು

ನಿನ್ನೆ ತೊಂಬತ್ತನೆಯ ಇಂಜೆಕ್ಷನ್ ಮುಗಿಯಿತು. ಎದೆ ಈಗ ಸ್ವಚ್ಛವಾಗಿದೆ, ಕ್ಷಯ ಮರಳಿ ಬರಲಿಕ್ಕಿಲ್ಲ ಎಂದು ಕಂಪೌಂಡರ್ ಹೇಳಿದ. ಮೂರು ತಿಂಗಳು ದಿನಾ ಒಂದೇ ಹೊತ್ತಿಗೆ ಒಂದೇ ಬೆಂಚಿನ ಮೇಲೆ ಕೂತವನಿಗೆ ಇವತ್ತು ಬೆಳಿಗ್ಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಎದ್ದು ನಿಂತರೆ ಸ್ವಲ್ಪ ತಲೆ ತಿರುಗುತ್ತದೆ. ಕಿವಿಯಲ್ಲಿ ಸಣ್ಣಗೆ ಜುಯ್ ಎನ್ನುತ್ತದೆ. ಅಶಕ್ತಿ ಇರಬೇಕು.

ರಜೆ ಮುಗಿಸಿ ಆಫೀಸಿಗೆ ಹೋದರೆ ಮೇಜಿನ ಮೇಲೊಂದು ಸುತ್ತೋಲೆ. ಹಳ್ಳಿಗಳಿಗೆ ಕೊಟ್ಟ ಸಾರ್ವಜನಿಕ ರೇಡಿಯೊಗಳಲ್ಲಿ ಯಾವುವು ಅನುಪಯುಕ್ತವೋ ಅವುಗಳ ಪಟ್ಟಿಯನ್ನು ಮೇ ಮುಗಿಯುವುದರೊಳಗೆ ಕಳಿಸಬೇಕು. ಪಟ್ಟಿಗೆ ಸೇರಿದ ಸೆಟ್ಟು ವಾಪಸ್ ಬರುತ್ತದೆ. ಅದರ ಜಾಗಕ್ಕೆ ಬೇರೆ ಸೆಟ್ಟು ಹೋಗುವುದಿಲ್ಲ. ಜಿಲ್ಲೆಯ ಈ ಭಾಗಕ್ಕೆ ರೇಡಿಯೊ ಮೆಕ್ಯಾನಿಕ್ ಎಂದರೆ ನಾನೊಬ್ಬನೇ. ಹೀಗಾಗಿ ಪಟ್ಟಿ ಮಾಡುವವನೂ ನಾನೇ.

ಇಲಾಖೆಯ ಡೈರಿಯಲ್ಲಿ ಹೋದ ಊರು, ಬದಲಿಸಿದ ಬ್ಯಾಟರಿ, ಹತ್ತಿದ ಬಸ್ಸು ಬರೆಯುತ್ತೇನೆ. ಹದಿನೇಳು ವರ್ಷಗಳ ಡೈರಿಗಳು ಬೀರುವಿನಲ್ಲಿವೆ. ಅವುಗಳಲ್ಲಿ ನಾನು ಎಲ್ಲೂ ಇಲ್ಲ. ಅದಕ್ಕಾಗಿ ಈ ನೋಟ್‌ಬುಕ್ಕು ಎಂದು ಹೇಳಲಾರೆ. ಅಂಗಡಿಯಲ್ಲಿ ಇತ್ತು, ತಂದೆ.

೬ ಮಾರ್ಚ್, ಜಾಲಹಳ್ಳಿ

ದೇವದುರ್ಗದಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬಂದಾಗ ಮಧ್ಯಾಹ್ನ ಎರಡು. ಪಂಚಾಯಿತಿಯ ಜವಾನ ಆದೆಪ್ಪ ಕಪಾಟಿನ ಬೀಗ ತೆಗೆದು ಸೆಟ್ಟು ಹಚ್ಚಿದ. ಗುಲ್ಬರ್ಗಾ ಕೇಂದ್ರ ಹಿಡಿಯಿತು, ಆದರೆ ದನಿ ಬಹಳ ಇಳಿದಿದೆ. ದೂರದ ಕೋಣೆಯಲ್ಲಿ ಯಾರೋ ಗೋಡೆಯ ಕಡೆ ಮುಖ ಮಾಡಿ ಮಾತಾಡಿದ ಹಾಗೆ.

"ದನಿ ಇಳದದ ಆದೆಪ್ಪ," ಎಂದೆ.

"ಇಳದದಾ? ನಿನ್ನಿ ಗೌಡ್ರು ಮನಿಯಿಂದಾನ ಬೈದ್ರು, ಸಣ್ಣಗಿಡಲೇ ಮಗನಾ, ಮಕ್ಕೊಳ್ಳಾಕ ಬಿಡವಲ್ದು ಅಂತ."

"ಸುಳ್ಳು ಹೇಳಬ್ಯಾಡ."

"ನಿಮ್ಮ ಪಾದದ ಆಣಿ ಸಾಹೇಬ್ರ! ಬೈಸಿಕೊಂಡವ ನಾನು, ನನಗ ಗೊತ್ತಿಲ್ಲೇನು?"

ಸುತ್ತೋಲೆಯ ಸುದ್ದಿ ಆಗಲೇ ಹಳ್ಳಿಗಳಿಗೆ ಮುಟ್ಟಿದೆ ಎಂದು ಅರ್ಥ. ಸೆಟ್ಟು ಉಳಿಯಲಿ ಎಂದು ಇನ್ನು ಎಲ್ಲರೂ ಹೀಗೆಯೇ ಹೇಳುತ್ತಾರೆ.

ಹಿಂದಿನ ಹಲಗೆ ಬಿಚ್ಚಿದೆ. ಬ್ಯಾಟರಿ ಸರಿಯಿದೆ, ಸ್ಪೀಕರ್ ಸರಿಯಿದೆ. ಕೊನೆಯ ಹಂತದಲ್ಲಿ ಎಸಿ ೧೨೮ ಜೋಡಿ, ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಮೀಟರಿನಲ್ಲಿ ನೋಡಿದರೆ ಎರಡೂ ಸೋರುತ್ತಿವೆ. ಜರ್ಮೇನಿಯಂನ ಸ್ವಭಾವವೇ ಅದು. ಹತ್ತು ಡಿಗ್ರಿ ಕಾವು ಏರಿದರೆ ಸೋರುವ ಕರೆಂಟು ಇಮ್ಮಡಿಯಾಗುತ್ತದೆ. ತಂಪು ದೇಶದವರು ತಮ್ಮ ಕೋಣೆಗಳಿಗಾಗಿ ಮಾಡಿಕೊಂಡ ಲೋಹವನ್ನು ನಾವು ದೇವದುರ್ಗದ ತಗಡಿನ ಸೂರಿನ ಕೆಳಗೆ ಇಟ್ಟಿದ್ದೇವೆ.

ಕಾರಣ ಸಿಕ್ಕಿತು ಎನ್ನುವುದೇ ಒಂದು ಸಮಾಧಾನ.

೨೦ ಮಾರ್ಚ್, ಕುರ್ಡಿ

ಕುರ್ಡಿಯಲ್ಲಿ ಎರಡು ಸೆಟ್ಟುಗಳು. ಒಂದು ಊರ ಚಾವಡಿಯದು, ಹಳೆಯದು. ಇನ್ನೊಂದು ಕೇರಿಯದು. ಚಾವಡಿಯ ಕಟ್ಟೆಗೆ ಕೇರಿಯವರು ಹತ್ತುವಂತಿರಲಿಲ್ಲ. ರಸ್ತೆಯಲ್ಲಿ ನಿಂತು ಕೇಳುತ್ತಿದ್ದರು. ಆ ಕೇರಿಯವರೇ ಆದ ತಾಯಣ್ಣ ಮೇಷ್ಟ್ರು ನಾಲ್ಕು ವರ್ಷ ಅರ್ಜಿ ಬರೆದು ಬೇರೆ ಸೆಟ್ಟು ತರಿಸಿಕೊಂಡರು. ಕಳೆದ ದೀಪಾವಳಿಯ ಹೊತ್ತಿಗೆ ನಾನೇ ಬಂದು ಕೂಡಿಸಿದ್ದೆ. ಇಡಲು ಬೇರೆ ಜಾಗವಿಲ್ಲದೆ ಮೇಷ್ಟ್ರ ತಾಯಿ ಮೂಕಮ್ಮನ ಪಡಸಾಲೆಯಲ್ಲಿ ಇಟ್ಟಿದ್ದೆವು.

ಇವತ್ತು ನೋಡಿದರೆ ಸೆಟ್ಟು ಗೂಟದ ಮೇಲಿನ ಹಲಗೆಯಲ್ಲಿಲ್ಲ. ನೀರಿನ ಕೊಡಗಳನ್ನು ಇಡುವ ಹಸಿ ಮಳಲಿನ ಹಾಸಿನ ಮೇಲೆ, ಎರಡು ಕೊಡಗಳ ನಡುವೆ, ಒಂದು ಇಟ್ಟಿಗೆಯ ಮೇಲೆ ಕೂತಿದೆ.

"ಇಲ್ಲ್ಯಾಕ ಇಟ್ಟೀಯವ್ವಾ? ತಂಪು ಹತ್ತಿ ಕೆಡತದ."

"ನೀವಾ ಅಂದಿದ್ರೆಲ್ಲ ಯಪ್ಪಾ, ಇದಕ್ಕ ಬಿಸಲು ಆಗಂಗಿಲ್ಲ ಅಂತ. ಆಗಂಗಿಲ್ಲ ಅಂದ್ರ ನೆಳ್ಳಿಗಿಡಬೇಕು. ಮನ್ಯಾಗ ಇದಕಿನ್ನ ತಂಪು ಜಾಗ ಎಲ್ಲಿ ಅದ? ನನಗೂ ಇಲ್ಲ."

ನಕ್ಕೆ. ಸರ್ಕಾರ ನೇಮಿಸಿದ ಯಾವ ಎಂಜಿನಿಯರನಿಗೂ ಹೊಳೆಯದ ಉಪಾಯ. ಆ ಮಳಲೇ ಒಂದು ಬಗೆಯಲ್ಲಿ ಸಿಲಿಕಾನು, ಅದನ್ನು ಸುಟ್ಟು ಸೋಸಿದರೆ ಜರ್ಮೇನಿಯಂಗಿಂತ ಗಟ್ಟಿಯಾದ ಟ್ರಾನ್ಸಿಸ್ಟರು ಆಗುತ್ತದೆ ಎಂದು ಹೇಳಿದೆ. ಅವಳು ಬಗ್ಗಿ ಒಂದು ಚಿಟಿಕೆ ಮಳಲು ತೆಗೆದು ಬೆರಳ ನಡುವೆ ತಿಕ್ಕಿ ನೋಡಿದಳು. "ಹಳ್ಳದಾಗ ಬೇಕಾದಷ್ಟು ಬಿದ್ದದಲ್ಲ!"

ಸೆಟ್ಟು ಹಚ್ಚಿದೆ. ತಂಪಿನಲ್ಲಿದ್ದರೂ ಇದರ ದನಿಯೂ ಇಳಿದಿದೆ. ಹಾಗಾದರೆ ಜರ್ಮೇನಿಯಂ ಒಮ್ಮೆ ಕೆಟ್ಟರೆ ತಂಪು ಕೂಡ ಸರಿಮಾಡಲಾರದು. ಮೂಕಮ್ಮನಿಗೆ ಮಾತ್ರ ಕೇಳಿಸುತ್ತದಂತೆ. "ಖಣಿಖಣಿ ಬರಾಕತ್ತದ ನೋಡ್ರಿ," ಎಂದಳು. ಇವಳೂ ಆದೆಪ್ಪನ ಹಾಗೆಯೇ.

ಬೆನ್ನು ತಿರುಗಿಸಿ ಸ್ಕ್ರೂ ಬಿಗಿಯುವಾಗ ಅವಳು ಏನೋ ಅಂದಂತಾಯಿತು. ತಿರುಗಿ ನೋಡುವಷ್ಟರಲ್ಲಿ ಒಳಗೆ ಹೋಗಿದ್ದಳು. ಚೀಲದಲ್ಲಿದ್ದ ಬಾಟಲಿಯ ನೀರು ಕುಡಿದೆ. ಬಿಸಿಯಾಗಿ ರಬ್ಬರಿನ ವಾಸನೆ ಬರುತ್ತಿತ್ತು. ಸಂಜೆಯ ಬಸ್ಸಿಗೆ ಹೊರಟೆ.

೨೮ ಮಾರ್ಚ್, ರಾಯಚೂರು

ತೀನ್ ಕಂದೀಲ್ ವೃತ್ತದ ಹತ್ತಿರ ಅಸ್ಮತ್‌ನ ರೇಡಿಯೊ ಅಂಗಡಿ. ಇಲಾಖೆಯಲ್ಲಿ ಬಿಡಿಭಾಗಗಳು ಬರುವುದು ತಡವಾದರೆ ಅವನಲ್ಲೇ ತೆಗೆದುಕೊಳ್ಳುವುದು ರೂಢಿ. ಎಸ್‌ಕೆ ೧೦೦ ಇದೆಯೇ ಎಂದು ಕೇಳಿದೆ. ಸಿಲಿಕಾನಿನದು.

"ಯಾಕ್ರಿ ಸಾಬ್, ಜರ್ಮೇನಿಯಂ ಮ್ಯಾಲೆ ಸಿಟ್ಟು?"

"ಬಿಸಿಲಿಗೆ ತಡೀವಲ್ದು."

"ಜರ್ಮೇನಿಯಂ ಅಂದ್ರ ಹಳೇ ನವಾಬ್ರಿದ್ದಂಗ ಸಾಬ್. ಮಿಜಾಜು ಜಾಸ್ತಿ, ಸ್ವಲ್ಪ ಬಿಸಲು ಬಿದ್ರ ಸುಸ್ತು. ಸಿಲಿಕಾನ್ ಹಂಗಲ್ಲ, ಕೂಲಿ ಮನಿಷ್ಯಾ. ಎಬ್ಬಿಸೋದು ತ್ರಾಸು, ಎದ್ದ ಅಂದ್ರ ದಿನಾ ಪೂರಾ ದುಡೀತಾನ."

ಎಬ್ಬಿಸುವುದು ಕಷ್ಟ ಎನ್ನುವುದೂ ನಿಜ. ಜರ್ಮೇನಿಯಂ ಎಚ್ಚರಗೊಳ್ಳಲು ಒಂದು ವೋಲ್ಟಿನ ಹತ್ತರಲ್ಲಿ ಎರಡು ಪಾಲು ಸಾಕು. ಸಿಲಿಕಾನಿಗೆ ಆರು ಪಾಲು ಬೇಕು. ಹಾಗಾಗಿ ಅದನ್ನು ಹಾಕುವಾಗ ಸುತ್ತಲಿನ ರೆಸಿಸ್ಟರುಗಳನ್ನೂ ಬದಲಿಸಬೇಕು.

ಈ ಊರಲ್ಲಿ ಸ್ಪಷ್ಟವಾಗಿ ಮಾತಾಡುವವನು ಅಸ್ಮತ್ ಒಬ್ಬನೇ. ಉಳಿದವರೆಲ್ಲ ಈಚೆಗೆ ಮಾತನ್ನು ಬಾಯೊಳಗೇ ಇಟ್ಟುಕೊಂಡು ಅಗಿಯುತ್ತಾರೆ.

೮ ಏಪ್ರಿಲ್

ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕಾರಣ ಹೇಳುತ್ತಿಲ್ಲ.

ಹೆಂಡತಿ ತೀರಿಕೊಂಡ ವರ್ಷದಿಂದ, ಎಂದರೆ ಹನ್ನೊಂದು ವರ್ಷದಿಂದ, ಭಾಗೀರಥಿ ಅಕ್ಕನೇ ಈ ಮನೆಯ ಅಡಿಗೆ, ಪೂಜೆ, ಮಡಿ ಎಲ್ಲವನ್ನೂ ನೋಡಿಕೊಂಡು ಬಂದಿದ್ದಾಳೆ. ಹಿಂದೆ ಊಟಕ್ಕೆ ಮೂರು ಸಲ ಕರೆಯುತ್ತಿದ್ದಳು. ಈಗ ತಟ್ಟೆ ಹಾಕಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಮುಖ ಬಿಗಿದಿರುತ್ತದೆ. ನಿನ್ನೆ ಮಾತ್ರ ಹತ್ತಿರ ಬಂದು, "ಎಷ್ಟು ಸಲ ಒದರಬೇಕೋ ಪ್ರಾಣ್ಯಾ? ಗ್ವಾಡಿಗೆ ಹೇಳಿದ್ರ ಗ್ವಾಡಿಯರ ಹೂಂ ಅಂತಿತ್ತು," ಎಂದಳು. ಎಂದೂ ಕರೆಯದೆ ಹೀಗೆ ಅನ್ನುವುದು ನ್ಯಾಯವಲ್ಲ.

ಹಿಂದೊಮ್ಮೆ ಅವಳಿಗೆ ಟ್ರಾನ್ಸಿಸ್ಟರು ಹೇಗೆ ಮಾಡುತ್ತಾರೆ ಎಂದು ಹೇಳಿದ್ದೆ. ಪೂರ್ತಿ ಶುದ್ಧವಾದ ಜರ್ಮೇನಿಯಂ ಯಾವ ಕೆಲಸಕ್ಕೂ ಬಾರದು, ಅದಕ್ಕೆ ಕೋಟಿಗೆ ಒಂದರಂತೆ ಪಾಷಾಣ ಬೆರೆಸಬೇಕು, ಎರಡು ಮೈಗೂ ಇಂಡಿಯಂ ಎಂಬ ಮೆತ್ತನೆಯ ಲೋಹದ ಗುಳಿಗೆ ಇಟ್ಟು ಕರಗಿಸಬೇಕು ಎಂದಾಗ, ಒದ್ದೆ ಮಡಿಸೀರೆಯಲ್ಲಿ ನಿಂತಿದ್ದವಳು ನಕ್ಕಿದ್ದಳು. "ವಿಷ ಹಾಕಿದ ಮ್ಯಾಲೆ ಮಾತಾಡ್ತದೇನು ಅದು? ನಿನ್ನ ರೇಡಿಯೊಕ್ಕ ಮಡಿ ಇಲ್ಲ ಬಿಡು."

ಇವತ್ತು ರವಿವಾರ. ಪೆಟ್ಟಿಗೆಯ ತಳದಲ್ಲಿ ಹಳೆಯ ಕಾಲದ ಒಂದು ಟ್ರಾನ್ಸಿಸ್ಟರು ಸಿಕ್ಕಿತು. ಗಾಜಿನ ಸಣ್ಣ ಕೊಳವೆ, ಮೇಲೆ ಕಪ್ಪು ಬಣ್ಣ. ಆ ಬಣ್ಣವನ್ನು ಕೆರೆದರೆ ಒಳಗಿನ ಜರ್ಮೇನಿಯಂ ಬೆಳಕಿಗೆ ಓಗೊಡುತ್ತದೆ. ತರಬೇತಿಯ ದಿನಗಳಲ್ಲಿ ಕೆರೆದು ನೋಡಿದ್ದೆವು. ಕಿಟಕಿಯ ಮುಂದೆ ಮೋಡ ಹಾದುಹೋದದ್ದನ್ನು ಮೀಟರಿನ ಮುಳ್ಳು ಹೇಳುತ್ತಿತ್ತು. ಬ್ಲೇಡಿನಿಂದ ಇದನ್ನೂ ಕೆರೆದೆ. ಮಧ್ಯಾಹ್ನವೆಲ್ಲ ಮೀಟರು ಹಚ್ಚಿ ಕೂತೆ. ಮೋಡ ಬರಲಿಲ್ಲ.

೧೭ ಏಪ್ರಿಲ್, ಜಾಲಹಳ್ಳಿ

ಆದೆಪ್ಪನ ಸೆಟ್ಟಿಗೆ ಸಿಲಿಕಾನು ಹಾಕಿದೆ. ತೆಗೆದ ಜರ್ಮೇನಿಯಂ ಜೋಡಿಯನ್ನು ನಶ್ಯದ ಡಬ್ಬಿಯಲ್ಲಿ ಹಾಕಿಕೊಂಡೆ. ಈವರೆಗೆ ಒಂಬತ್ತು ಸೆಟ್ಟುಗಳಿಗೆ ಹೀಗೆ ಮಾಡಿದ್ದೇನೆ.

ಹಚ್ಚಿದರೆ ಇದೂ ಉಳಿದವುಗಳಂತೆ, ಮೊದಲಿನ ಹಾಗೆಯೇ. ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ ಮೇಲೆ ತಕ್ಕಮಟ್ಟಿಗೆ ಕೇಳಿಸಿತು. ಕಟ್ಟೆಯ ಮೇಲೆ ಕೂತಿದ್ದ ನಾಲ್ಕೈದು ಜನ ಎದ್ದು ದೂರ ಹೋಗಿ ಬೇವಿನ ಗಿಡದ ಕೆಳಗೆ ಕೂತರು. ಸೆಖೆಗೆ ಇರಬೇಕು. ಮಲಗಿದ್ದ ನಾಯಿಯೂ ಎದ್ದು ಹೋಯಿತು. ಆದೆಪ್ಪ ಎರಡೂ ಕೈಗಳಿಂದ ಏನೋ ಸನ್ನೆ ಮಾಡುತ್ತಿದ್ದ. ಅವನಿಗೆ ಎಲ್ಲದರಲ್ಲೂ ತಮಾಷೆ.

ಸಿಲಿಕಾನೂ ಸೋತಿತೆಂದರೆ ದೋಷ ಒಂದೆರಡು ಟ್ರಾನ್ಸಿಸ್ಟರುಗಳದ್ದಲ್ಲ. ಮೊದಲ ಹಂತಗಳಲ್ಲಿಯೂ ಜರ್ಮೇನಿಯಂ ಇದೆ. ಒಟ್ಟು ಸೆಟ್ಟೇ ಒಳಗಿನಿಂದ ಸತ್ತಿದೆ. ಇಂಥದ್ದನ್ನು ಪಟ್ಟಿಗೆ ಸೇರಿಸುವುದೇ ಸರಿ.

೨೬ ಏಪ್ರಿಲ್

ಅಕ್ಕ ಮಾನ್ವಿಗೆ ಹೋದಳು. ಅಲ್ಲಿ ತಂಗಿಯ ಮಗ ವಿಠ್ಠಲನ ಮನೆ ಇದೆ. ಅವನೇ ಬಂದು ಟ್ರಂಕು ಎತ್ತಿಕೊಂಡ. ನನ್ನನ್ನು ನೋಡಿ ಏನೋ ಹೇಳಿದ, ತಲೆಯಾಡಿಸಿದೆ.

ಹೊಸಲು ದಾಟುವಾಗ ಅಕ್ಕ ತಿರುಗದೆಯೇ ಒಂದು ಮಾತು ಅಂದಳು. ಏನೆಂದು ತಿಳಿಯಲಿಲ್ಲ. ಅವಳ ಬೆನ್ನು, ಸೆರಗು, ಒಂದು ಕೈ ಮಾತ್ರ ಕಂಡವು. ಇಷ್ಟು ವರ್ಷಗಳ ನಂತರ ಹೋಗುವವರು ಮುಖ ತೋರಿಸದೆ ಆಡುವ ಮಾತು ಒಳ್ಳೆಯದಾಗಿರಲಿಕ್ಕಿಲ್ಲ. ಕೇಳಿ ತಿಳಿದುಕೊಳ್ಳಲು ಮನಸ್ಸಾಗಲಿಲ್ಲ. ವರಾಂಡದಲ್ಲಿ ಬಹಳ ಹೊತ್ತು ಕೂತೆ. ಒಳಗೆ ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಕರಕಾಗಿತ್ತು. ವಾಸನೆ ಬಂದ ಮೇಲೆ ಎದ್ದೆ.

೩೦ ಏಪ್ರಿಲ್

ಮನೆ ಸದ್ದಿಲ್ಲದೆ ಇದೆ. ಅವಳು ಇದ್ದಾಗಲೂ ಹೀಗೆಯೇ ಇತ್ತು ಎಂಬುದು ಈಗ ನೆನಪಾಗುತ್ತದೆ.

೮ ಮೇ, ಕುರ್ಡಿ

ನಲವತ್ತನಾಲ್ಕು ಡಿಗ್ರಿ. ಕಳೆದ ತಿಂಗಳೂ ಒಮ್ಮೆ ಬಂದಿದ್ದೆ, ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ತಾಯಣ್ಣ ಮೇಷ್ಟ್ರೂ ಮನೆಯಲ್ಲಿದ್ದರು. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಕೆಳಗೆ ಶಾಲೆಯ ಪುಸ್ತಕಗಳು. ಸೆಟ್ಟು ಹಚ್ಚಿದೆ, ಕಿವಿಗೊಟ್ಟೆ, ಆರಿಸಿದೆ.

"ಇದು ಕೆಲಸಕ್ಕ ಬರಂಗಿಲ್ಲ ಮೇಷ್ಟ್ರ. ಪಟ್ಟಿಗೆ ಹಾಕಬೇಕಾಗ್ತದ."

ಮೇಷ್ಟ್ರು ನನ್ನ ಎದುರಿಗೆ ಬಂದು ನಿಂತರು. ಸಿಟ್ಟಿನಲ್ಲಿದ್ದವರ ಮಾತು ಚೆನ್ನಾಗಿ ಕೇಳಿಸುತ್ತದೆ. "ಯಾವ ಕೆಲಸಕ್ಕ ಬರಂಗಿಲ್ಲ? ದಿನಾ ಸಂಜಿ ನಲವತ್ತು ಮಂದಿ ಇಲ್ಲೇ ಕುಂತು ಕೇಳ್ತಾರ. ಚಾವಡಿ ಸೆಟ್ಟೂ ಇದಾ ಕಂಪನೀದು, ಇದಾ ಲೋಹದ್ದು. ಅದೂ ಪಟ್ಟಿಗೆ ಹೋಗ್ತದೇನು?"

"ಅದನ್ನೂ ಹಾಕೀನಿ."

"ಅವರಿಗೆ ಮನಿಗೊಂದು ರೇಡಿಯೊ ಅವ ಸಾಹೇಬ್ರ. ಹೋದ್ರೂ ನಡೀತದ. ನಾವು ಮತ್ತ ರಸ್ತೇದಾಗ ನಿಂದ್ರಬೇಕೇನು? ಈಗ ನಿಂತು ಕೇಳಾಕ ಚಾವಡಿ ಸೆಟ್ಟೂ ಇರಂಗಿಲ್ಲ."

ನನ್ನಲ್ಲಿ ಪಕ್ಷಪಾತವಿಲ್ಲ, ಮೀಟರು ಹೇಳಿದ್ದನ್ನು ಬರೆಯುತ್ತೇನೆ ಎಂದೆ. ಆ ಮಾತು ಹೇಳುವಾಗ ನನಗೆ ಒಂದು ಬಗೆಯ ಹೆಮ್ಮೆಯೂ ಆಯಿತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಮೂಕಮ್ಮ ಕೊಡದ ಪಕ್ಕದಲ್ಲಿ ಚೆಂಬು ಹಿಡಿದು ನಿಂತಿದ್ದಳು. ಸೆಟ್ಟಿನ ಬೆನ್ನು ಮುಚ್ಚಿ ನಾನು ಎದ್ದಾಗ ಚೆಂಬು ಕೊಡದ ಬಾಯ ಮೇಲೆ ಬೋರಲಾಗಿತ್ತು. ಮೇಷ್ಟ್ರು ತಾಯಿಯನ್ನು ನೋಡಿ ಏನೋ ಅಂದರು.

ಬಸ್ಸಿಗೆ ಕಾಯುವಾಗ ಬಾಟಲಿ ತೆಗೆದರೆ ಖಾಲಿಯಾಗಿತ್ತು.

೨೮ ಮೇ, ರಾಯಚೂರು

ಪಟ್ಟಿ ಕಳಿಸಿದೆ. ಹನ್ನೊಂದು ಸೆಟ್ಟುಗಳು. ಕಾರಣ: ಜರ್ಮೇನಿಯಂ ಭಾಗಗಳು ಉಷ್ಣದಿಂದ ನಿತ್ರಾಣ. ಐದನೆಯದು ಕುರ್ಡಿ ಕೇರಿ.

ಅಸ್ಮತ್‌ನ ಅಂಗಡಿಗೆ ಹೋಗಲಿಲ್ಲ. ಯಾರ ಹತ್ತಿರವೂ ಹೋಗಲಿಲ್ಲ.

೯ ಜೂನ್

ಮಳೆ ಬಂತು. ಗಾಜಿನ ಮೇಲೆ ಬಿದ್ದದ್ದನ್ನು ನೋಡಿ ತಿಳಿಯಿತು. ಬೆಳಿಗ್ಗೆ ಮೈಮೇಲೆ ಹೊದಿಕೆ ಬೇಕೆನಿಸುವಷ್ಟು ತಂಪು. ಈ ತಂಪಿನಲ್ಲಿ ಜರ್ಮೇನಿಯಂ ಚೇತರಿಸಿಕೊಳ್ಳಬೇಕು. ಮನೆಯ ರೇಡಿಯೊ ಹಚ್ಚಿ ನೋಡಿದೆ. ಚೇತರಿಸಿಲ್ಲ.

ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ತಿಳಿಯುತ್ತಿಲ್ಲ.

೧೪ ಜೂನ್

ಜೀಪಿನವರು ಹನ್ನೊಂದರಲ್ಲಿ ನಾಲ್ಕು ಸೆಟ್ಟುಗಳನ್ನು ತಂದು ನನ್ನ ಕೋಣೆಯಲ್ಲಿ ಇಳಿಸಿದರು. ಕುರ್ಡಿ ಕೇರಿಯದರ ತಳಕ್ಕೆ ಇನ್ನೂ ಮಳಲು ಅಂಟಿತ್ತು. ಅದರ ಹ್ಯಾಂಡಲ್ಲಿಗೆ ಒಂದು ಕಾಗದ ಕಟ್ಟಿತ್ತು. ತಾಯಣ್ಣ ಮೇಷ್ಟ್ರ ಕೈಬರಹ, ಶಾಲೆಯ ಹಲಗೆಯ ಮೇಲೆ ಬರೆದಷ್ಟು ಅಚ್ಚುಕಟ್ಟು.

"ಮಾನ್ಯರೆ, ಸೆಟ್ಟು ಒಪ್ಪಿಸಿದ್ದೇವೆ. ಒಯ್ಯುವ ದಿನವೂ ಅದು ಮೂರು ಓಣಿಗೆ ಕೇಳಿಸುತ್ತಿತ್ತು. ಅದನ್ನು ಹಚ್ಚಿಯೇ ಜೀಪಿನಲ್ಲಿ ಇಟ್ಟೆವು, ಡ್ರೈವರನನ್ನು ಕೇಳಿ. ಕಾರಣ ಲೋಹದಲ್ಲಿಲ್ಲ ಎಂದು ನಮಗೆ ಗೊತ್ತು. ನೀವು ಈ ವರ್ಷ ಮೂರು ಸಲ ನಮ್ಮ ಮನೆಗೆ ಬಂದಿರಿ. ಮೂರು ಸಲವೂ ನನ್ನ ತಾಯಿ ನಿಮ್ಮ ಬೆನ್ನ ಹಿಂದೆ ನಿಂತು ನೀರು ಕುಡಿಯುತ್ತೀರಾ ಎಂದು ಕೇಳಿದಳು. ಕೇಳಬೇಡ ಎಂದು ನಾನು ಹೇಳಿದ್ದೆ. ಮಳಲಿನ ಮಾತಾಡಿ ನಗುವ ಮನುಷ್ಯ, ಕುಡಿಯುತ್ತಾನೆ ಎಂದಳು. ನೀವು ಇಲ್ಲ ಎನ್ನುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕೇಳಿಸದವರಂತೆ ಬಾಟಲಿ ತೆಗೆದು ಕುಡಿದಿರಿ. ನಮ್ಮ ನೀರು ಬೇಡವಾದವರಿಗೆ ನಮ್ಮ ಸೆಟ್ಟಿನ ದನಿಯೂ ಕೇಳಿಸುವುದಿಲ್ಲ ಎಂಬುದು ಸಹಜ. ಇಂತಿ, ತಾಯಣ್ಣ, ಸಹಶಿಕ್ಷಕ."

ನಾಲ್ಕು ಸಲ ಓದಿದೆ.

೧೫ ಜೂನ್

ಆಫೀಸಿಗೆ ಎಲ್ಲರಿಗಿಂತ ಮೊದಲು ಹೋದೆ. ಕುರ್ಡಿಯ ಸೆಟ್ಟನ್ನು ಮೇಜಿನ ಮೇಲಿಟ್ಟು ಹಿಂದಿನ ಹಲಗೆ ತೆಗೆದು ಹಚ್ಚಿದೆ. ದೂರದಲ್ಲಿ, ಮಳಲು ಜಾರಿದ ಹಾಗೆ ಏನೋ. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದೆ. ಹೆಚ್ಚೇನಿಲ್ಲ.

ಆಮೇಲೆ ಬೆರಳ ತುದಿಯನ್ನು ಸ್ಪೀಕರಿನ ಕಾಗದದ ಮೇಲೆ ಇಟ್ಟೆ.

ಕಾಗದ ನಡುಗುತ್ತಿತ್ತು. ನಡುಗುವುದಲ್ಲ, ಬೆರಳನ್ನು ಹೊರಗೆ ತಳ್ಳುತ್ತಿತ್ತು. ಸೆರೆಸಿಕ್ಕ ಹಕ್ಕಿಯ ಎದೆ ಅಂಗೈಯಲ್ಲಿ ಹೊಡೆದುಕೊಳ್ಳುವ ಹಾಗೆ. ಹದಿನೇಳು ವರ್ಷ ಈ ಕೆಲಸ ಮಾಡಿದ ಬೆರಳಿಗೆ ಇಷ್ಟು ನಡುಕಕ್ಕೆ ಎಷ್ಟು ದನಿ ಎಂಬುದು ಗೊತ್ತು. ಗುಂಡಿ ಹಾಗೆಯೇ ಬಿಟ್ಟೆ. ಸ್ವಲ್ಪ ಹೊತ್ತಿಗೆ ಹೊರಗಿನ ಬಾಗಿಲು ತೆಗೆದು ಗುಮಾಸ್ತ ಶರಣಯ್ಯ ಓಡಿಬಂದು ಎರಡು ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತ. ಅವನ ಬಾಯಿ ಅಲ್ಲಾಡುತ್ತಿತ್ತು.

ಆದೆಪ್ಪನ ಸನ್ನೆ ಇದೇ ಆಗಿತ್ತು.

ಸೆಟ್ಟು ಆರಿಸಿದೆ. ಜುಯ್ ಎನ್ನುವುದು ಆರಲಿಲ್ಲ. ಅದು ಜರ್ಮೇನಿಯಂನದಲ್ಲ.

೧೬ ಜೂನ್

ತೊಂಬತ್ತು ಇಂಜೆಕ್ಷನ್.

೧೯ ಜೂನ್

ಡಾಕ್ಟರು ಚೀಟಿಯ ಮೇಲೆ ಬರೆದು ತೋರಿಸಿದರು. ಕೆಲವರಿಗೆ ಆ ಔಷಧಿ ಎದೆಯನ್ನು ಉಳಿಸಿ ಕಿವಿಯ ನರವನ್ನು ತೆಗೆದುಕೊಳ್ಳುತ್ತದೆ. ಹೋದದ್ದು ಬರುವುದಿಲ್ಲ. ಉಳಿದದ್ದು ಉಳಿಯಬಹುದು.

ಅಲ್ಲಿಂದ ನೇರವಾಗಿ ಅಸ್ಮತ್‌ನಲ್ಲಿಗೆ ಹೋದೆ. ಸ್ಟೂಲಿನ ಮೇಲೆ ಕೂತು, "ನನ್ನ ಕಿವಿ ಹೋಗ್ಯಾವ," ಎಂದೆ.

ಅವನು ಬೆಸುಗೆ ಕಡ್ಡಿ ಕೆಳಗಿಟ್ಟ. ಬಾಯನ್ನು ನನ್ನ ಕಿವಿಯ ಹತ್ತಿರ ತಂದ. "ಗೊತ್ತದ ಸಾಬ್. ಶಿವರಾತ್ರಿಯಿಂದ ಒದರಾಕತ್ತೀನಿ. ನೀವು ಬಂದ್ರ ಸಾಕು, ಎದುರಿನ ಪಾನ್ ಅಂಗಡಿಯವ ಕೇಳ್ತಾನ, ಏನಪಾ ಅಸ್ಮತ್, ದಿನಾ ಆ ಸಾಹೇಬ್ರ ಸಂಗಾಟ ಜಗಳ ಅಂತ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ರೇಡಿಯೊದವ್ರಿಗೆ ಕಿವುಡು ಅನ್ನೋದು ಹೆಂಗ?" ಮುಖ ಬೇರೆ ಕಡೆ ತಿರುಗಿಸಿದ. ಮುಂದಿನ ಮಾತು ನನ್ನ ಕಿವಿ ಮುಟ್ಟಲಿಲ್ಲ.

ನಶ್ಯದ ಡಬ್ಬಿಯನ್ನು ಅವನ ಮೇಜಿನ ಮೇಲೆ ಸುರುವಿದೆ. ಒಂಬತ್ತು ಊರುಗಳಿಂದ ಕಿತ್ತು ತಂದ ಹದಿನೆಂಟು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಇಬ್ಬರೂ ಕೂತು ಒಂದೊಂದಾಗಿ ಮೀಟರಿಗೆ ಹಚ್ಚಿದೆವು. ಎಲ್ಲವೂ ಸ್ವಲ್ಪ ಸೋರುತ್ತವೆ. ಎಲ್ಲವೂ ಸರಿಯಾಗಿವೆ. ಅವು ತಯಾರಾದ ದಿನದಿಂದಲೂ ಅಷ್ಟೇ ಸೋರುತ್ತಿದ್ದವು.

೨೨ ಜೂನ್

ಪಟ್ಟಿ ಹಿಂತೆಗೆದುಕೊಳ್ಳಬೇಕೆಂದು ಮೇಲಿನವರಿಗೆ ಬರೆದೆ. ಸೆಟ್ಟುಗಳಲ್ಲಿ ದೋಷವಿಲ್ಲ, ಪರೀಕ್ಷೆ ಮಾಡಿದವನ ಶ್ರವಣದಲ್ಲಿ ದೋಷವಿತ್ತು ಎಂದು. ಡಾಕ್ಟರ ಚೀಟಿಯನ್ನೂ ಲಗತ್ತಿಸಿದೆ. ಶರಣಯ್ಯ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಬಿಟ್ಟು ಬರೆಯಿರಿ ಎಂದು ಸನ್ನೆ ಮಾಡಿದ. ಹಳ್ಳಿ ತಿರುಗುವ ಕೆಲಸ ಹೋಗುತ್ತದೆ ಎಂದು ಅವನ ಅರ್ಥ. ಸೀಲು ಹಾಕಲು ಹೇಳಿದೆ.

ಅಕ್ಕನಿಗೂ ಒಂದು ಕಾರ್ಡು ಬರೆದೆ. ವಿಷಯ ತಿಳಿಸಿ, ಹೊಸಲು ದಾಟುವಾಗ ಏನೆಂದಿದ್ದೆ ಎಂದು ಕೇಳಿದೆ.

೨ ಜುಲೈ

ಕಾರ್ಡಿಗೆ ಉತ್ತರ ಬಂತು. ವಿಠ್ಠಲನ ಅಕ್ಷರ, ಅಕ್ಕನ ಮಾತು.

"ಎರಡು ತಿಂಗಳು ಒಬ್ಬಾಕಿನ ಮಾತಾಡಿ ಹುಚ್ಚು ಹಿಡದಿತ್ತು ನನಗ. ನೀ ಬೇಕಂತ ಮಾಡ್ಲಿಕ್ಕೆ ಹತ್ತೀ ಅಂದುಕೊಂಡಿದ್ದೆ. ಹೋಗೂಮುಂದ ಅಂದದ್ದು ಇಷ್ಟ: ಹಾಲು ಒಲೀ ಮ್ಯಾಲೆ ಅದ, ಇಳಸ್ಕೋ."

ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಬರೆಸಿಲ್ಲ.

೪ ಜುಲೈ

ಆದೇಶ ಬಂತು. ಸೆಟ್ಟುಗಳನ್ನು ಆಯಾ ಊರುಗಳಿಗೆ ತಲುಪಿಸಿದ ಮೇಲೆ ನಾನು ಉಗ್ರಾಣದ ಕೆಲಸಕ್ಕೆ ಹಾಜರಾಗಬೇಕು. ಇನ್ನು ಬ್ಯಾಟರಿಗಳ ಜೊತೆ.

ಮೂರು ದಿನದಿಂದ ಸಂಜೆ ಅಸ್ಮತ್‌ನ ಅಂಗಡಿಯಲ್ಲಿ ಕೂತು ಕಿವಿಗೆ ನೆರವಾಗುವ ಒಂದು ಪೆಟ್ಟಿಗೆ ಮಾಡಿದೆ. ಸೋಪಿನ ಡಬ್ಬಿಯೊಳಗೆ ಮೂರು ಟ್ರಾನ್ಸಿಸ್ಟರು, ಮೈಕಿನ ಬದಲು ಸಣ್ಣ ಸ್ಪೀಕರು, ಕಿವಿಗೆ ಇಯರ್‌ಫೋನು. ಸಿಲಿಕಾನು ಹಾಕಿದರೆ ಪೆಟ್ಟಿಗೆಯ ಜುಯ್ ಸದ್ದು ಕಡಿಮೆಯಾಗುತ್ತದೆ ಎಂದು ಅಸ್ಮತ್ ಹೇಳಿದ. ನಶ್ಯದ ಡಬ್ಬಿಯಿಂದಲೇ ಆರಿಸಿದೆ. ಕಡಿಮೆ ಕರೆಗೆ ಎಚ್ಚರಗೊಳ್ಳುವುದು ಅವುಗಳ ಗುಣ, ಅದೊಂದು ಕಾರಣ. ಇನ್ನೊಂದು ಕಾರಣ ಬರೆಯುವಂಥದ್ದಲ್ಲ.

ಪೂರ್ತಿ ಮಾತು ಬರುವುದಿಲ್ಲ. ಅಂಚು ಕಡಿದ ನಾಣ್ಯಗಳ ಹಾಗೆ ಬರುತ್ತದೆ, ಯಾವುದೆಂದು ಊಹಿಸಬೇಕು.

೧೦ ಜುಲೈ, ಕುರ್ಡಿ

ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ಒಂದು ಪ್ರಶ್ನೆ. ಅವಳು ಕೇಳಿದ್ದು ಆಗ ಕೇಳಿಸಿದ್ದರೆ ಕುಡಿಯುತ್ತಿದ್ದೆನೇ? ದೀಪಾವಳಿಯಲ್ಲಿ ಸೆಟ್ಟು ಕೂಡಿಸಿದ ದಿನ ನನ್ನ ಕಿವಿಗಳು ಚೆನ್ನಾಗಿದ್ದವು. ಅಂದು ಬಾಯಾರಿಕೆಯಾದಾಗ ಆ ಕೊಡಗಳನ್ನು ದಾಟಿ ಊರೊಳಗೆ ಶಾನುಭೋಗರ ಮನೆಗೆ ನಡೆದು ಹೋಗಿ ನೀರು ಕುಡಿದು ಬಂದಿದ್ದೆ. ಯಾರೂ ಹೇಳಿರಲಿಲ್ಲ. ಕಾಲುಗಳು ಹೋಗಿದ್ದವು. ತಾಯಣ್ಣ ಮೇಷ್ಟ್ರು ಬರೆದದ್ದರಲ್ಲಿ ತಪ್ಪಿದ್ದುದು ಲೆಕ್ಕ ಮಾತ್ರ. ಮೂರು ಸಲ ಅಲ್ಲ, ನಾಲ್ಕು.

ಮೇಷ್ಟ್ರು ಶಾಲೆಗೆ ಹೋಗಿದ್ದರು. ಮೂಕಮ್ಮ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ಎದ್ದು ನಿಲ್ಲಲಿಲ್ಲ. ಇಟ್ಟಿಗೆ ಹಾಗೆಯೇ ಎರಡು ಕೊಡಗಳ ನಡುವೆ ಇತ್ತು. ಅದರ ಮೇಲೆ ಸೆಟ್ಟು ಇಟ್ಟೆ. ಸೋಪಿನ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು, ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು, ನನಗೆ ಇಷ್ಟು ದಿನ ಕೇಳಿಸುತ್ತಿರಲಿಲ್ಲ ಎಂದೆ. ನನ್ನ ದನಿ ಜುಯ್ ಎನ್ನುವುದರ ಆಚೆಯಿಂದ ಬೇರೆ ಯಾರದ್ದೋ ಎಂಬಂತೆ ಬಂತು.

ಅವಳು ಡಬ್ಬಿಯನ್ನು ನೋಡಿದಳು. ದಾರವನ್ನು ನೋಡಿದಳು. "ಇದ್ರಾಗೂ ಮಳಲು ಹಾಕ್ಯಾರೇನು?"

"ಇಲ್ಲವ್ವಾ. ಬಿಸಲಿಗೆ ಆಗದು. ನಿನ್ನ ಸೆಟ್ಟಿನ ಜಾತೀದು."

ಅವಳು ನಗಲಿಲ್ಲ. "ಮೊದಲು ಹಚ್ಚರಿ ಅದನ್ನ," ಎಂದಳು. ಹಚ್ಚಿದೆ. ಬೆರಳಿಂದ ನೋಡಿಕೊಂಡು ದನಿಯನ್ನು ಹದಕ್ಕೆ ತಂದೆ. ಪಕ್ಕದ ಮನೆಯಿಂದ ಒಬ್ಬಳು ಬಂದು ಹೊಸಲಲ್ಲಿ ನಿಂತಳು, ಆಮೇಲೆ ಇನ್ನಿಬ್ಬರು. ಮೂಕಮ್ಮ ಮತ್ತೆ ಮೊರದ ಕಡೆ ತಿರುಗಿದಳು. ನಾನು ಸ್ಕ್ರೂ ಬಿಗಿಯುವ ನೆಪದಲ್ಲಿ ಬೆನ್ನು ಮಾಡಿ ಕಾದೆ. ಹಿಂದಿನಿಂದ ಯಾವ ಮಾತೂ ಬರಲಿಲ್ಲ. ಕಾಳು ಕೇರುವ ಸದ್ದು ಮಾತ್ರ.

ನಾನೇ ಕೇಳಬೇಕಾಗಿತ್ತು. ನಲವತ್ತಾರು ವರ್ಷದಲ್ಲಿ ಇಂಥ ಮನೆಯಲ್ಲಿ ಇಂಥದ್ದನ್ನು ಕೇಳಿದ ಅಭ್ಯಾಸವಿರಲಿಲ್ಲ.

"ಯವ್ವಾ, ನೀರು ಕೊಡ್ತೀಯೇನು?"

ಮೊರ ನಿಂತಿತು. ಅವಳು ನನ್ನ ಕಡೆ ತಿರುಗಿದಳು. ಎದ್ದು ಬರಲಿಲ್ಲ. ಕೈಗಳನ್ನೂ ಒರೆಸಿಕೊಳ್ಳಲಿಲ್ಲ.

"ಕೊಡ ಅಲ್ಲೇ ಅದ. ಚೆಂಬು ಅಲ್ಲೇ ಅದ," ಎಂದಳು. ಪ್ರತಿ ಅಕ್ಷರವೂ ಬಂತು.

ಬಗ್ಗಿದೆ. ಮಂಡಿಗೆ ಹಸಿ ಮಳಲು ತಾಗಿತು. ಬೋರಲಾಗಿದ್ದ ಚೆಂಬನ್ನು ತೆಗೆದು ಕೊಡದೊಳಗೆ ಮುಳುಗಿಸಿದೆ. ಕೊರಳಲ್ಲಿ ತೂಗುತ್ತಿದ್ದ ಡಬ್ಬಿ ಕೊಡದ ಬಾಯ ಹತ್ತಿರ ಬಂದಿತ್ತು. ಚೆಂಬು ತುಂಬುವಾಗ ಮಾಡುವ ಸದ್ದು, ಮೊದಲು ಗುಳಗುಳ ಎಂದು ಆಮೇಲೆ ಗಂಟಲು ಕಟ್ಟಿದಂತೆ ನಿಲ್ಲುವ ಸದ್ದು, ಪೂರ್ತಿಯಾಗಿ, ಅಂಚುಗಳ ಸಮೇತ, ಕಿವಿಯೊಳಗೆ ಬಂತು.